ಚಾರ್ಮಾಡಿಗೆ 1.5 ಲೀಟರ್ ಪೆಟ್ರೋಲ್ ಇಂಜಿನ್ ಸಾಕು: ಜಿಮ್ನಿಯಲ್ಲಿ ಘಾಟಿ ಓಡಿಸಿದ ನನ್ನ ಅನುಭವ

ಮಾರುತಿ ಸುಜುಕಿಯ ಸಣ್ಣ 4x4 ಗಾಡಿ ಜಿಮ್ನಿಯದು ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, ಟಾರ್ಕ್ (ತಿರುಗಿಸುವ ಬಲ) ಬರೀ 134 ನ್ಯೂಟನ್ ಮೀಟರ್, ನಾಲ್ಕು ಜನ ಕೂತರೆ ಘಾಟಿ ಹತ್ತಲ್ಲ ಅಂತ ಮೂಡಿಗೆರೆ ಕಡೆಯ ಡೀಸೆಲ್ ಜೀಪಿನವರು ಖಡಾಖಂಡಿತವಾಗಿ ಹೇಳಿದ್ದರು. ಈಗ ಮ್ಯಾನುಯಲ್ ಜಿಮ್ನಿಯನ್ನು ಕೊಟ್ಟಿಗೆಹಾರ–ಚಾರ್ಮಾಡಿ ರಸ್ತೆಯಲ್ಲಿ ಮಳೆ, ಬೇಸಿಗೆ ಅನ್ನದೆ ಓಡಿಸಿ ಆಗಿದೆ. ಗಾಡಿ ಜೊತೆ ಬಂದ ಕ್ಲಚ್ ಪ್ಲೇಟೇ ಐವತ್ತು ಸಾವಿರ ಕಿ.ಮೀ. ದಾಟಿದೆ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ನಲವತ್ತು ಸಾವಿರದ ಆಸುಪಾಸು ಬಂತು. ಇದೇ ರಸ್ತೆಯಲ್ಲಿ ಇಪ್ಪತ್ತು ಸಾವಿರಕ್ಕೇ ಪ್ಯಾಡ್ ಬದಲಿಸುವ ಗಾಡಿಗಳು ಬೇಕಾದಷ್ಟಿವೆ.

ಹತ್ತುವಾಗ ನೋಡಬೇಕಾದದ್ದು ಸ್ಪೀಡ್ ಅಲ್ಲ, ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ಈ ಇಂಜಿನ್ನಿನ ಪೂರ್ತಿ ಟಾರ್ಕ್ ಸಿಗುವುದೇ 4,000ದಲ್ಲಿ. ಎರಡನೇ ಗೇರಿನಲ್ಲಿ 3,000 ಅಂದರೆ ಹೆಚ್ಚುಕಡಿಮೆ ಗಂಟೆಗೆ 40 ಕಿ.ಮೀ. ಅದೇ ಸ್ಪೀಡಿಗೆ ಮೂರನೇ ಗೇರ್ ಹಾಕಿದರೆ ಮುಳ್ಳು 2,000ದ ಹತ್ತಿರ ಬಿದ್ದು ಗಾಡಿ ತಿಣುಕುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಆಗ ಬರುವುದು ಸದ್ದು ಮಾತ್ರ. ಏರಿನಲ್ಲಿ ಮುಳ್ಳನ್ನು 2,800ರಿಂದ 4,000ದ ಒಳಗೆ ಇಟ್ಟುಕೊಳ್ಳಿ. ಇಂಜಿನ್ ಕೂಗುತ್ತದೆ ಅಂತ ಹೆದರಿ ಗೇರ್ ಏರಿಸಬೇಡಿ, ಅದು ಕೂಗಲಿಕ್ಕೇ ಮಾಡಿದ ಇಂಜಿನ್.

ಕ್ಲಚ್ ಸಾಯುವುದು ಹೇರ್‌ಪಿನ್ನಿನಲ್ಲಿ. ಎದುರಿಗೆ ಬಸ್ ಬಂತು, ಸ್ಪೀಡ್ ಇಪ್ಪತ್ತಕ್ಕಿಂತ ಕೆಳಗೆ ಬಿತ್ತು. ಹೆಚ್ಚಿನವರು ಎರಡನೇ ಗೇರಿನಲ್ಲೇ ಹಾಫ್ ಕ್ಲಚ್ ಹಿಡಿದು ಎಳೆಸುತ್ತಾರೆ. ಗಾಡಿ ಹತ್ತುತ್ತದೆ ನಿಜ, ಆದರೆ ಪ್ಲೇಟ್ ಅಲ್ಲೇ ಸವೆಯುತ್ತದೆ. ಸುಟ್ಟ ವಾಸನೆ ಬಂದಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಮೇಲೆ ಇಟ್ಟುಕೊಳ್ಳಿ. ಮೊದಲನೇ ಗೇರಿಗೆ ಇಳಿಸಬೇಕು, ಅದೂ ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗ. ಓಡುತ್ತಿರುವಾಗ ಮೊದಲನೇ ಗೇರ್ ಬಿಗಿ ಅನ್ನಿಸಿದರೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ ಒತ್ತಿ ಗೇರ್. ಬೆಣ್ಣೆಯಂತೆ ಬೀಳುತ್ತದೆ. ಮೊದಲನೆಯದರಲ್ಲಿ 18 ಕಿ.ಮೀ. ಸ್ಪೀಡಿಗೆ ಸುಮಾರು 2,500 ಸಿಗುತ್ತದೆ, ತುಂಬಿದ ಗಾಡಿಗೂ ಅಷ್ಟು ಸಾಕು.

ಈ ಗಾಡಿಯ ಸ್ಟೀರಿಂಗ್ ಹಳೇ ಜೀಪುಗಳ ತರಹದ ಬಾಲ್-ನಟ್ ಬಾಕ್ಸಿನದು. ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರುವುದು ನಿಧಾನ. ಕಾರಿನ ಅಭ್ಯಾಸದಲ್ಲಿ ಕೈ ಸಡಿಲ ಬಿಟ್ಟರೆ ಗಾಡಿ ಎದುರು ಲೇನಿಗೆ ಹೋಗುತ್ತದೆ, ಸ್ಟೀರಿಂಗನ್ನು ಕೈಯಿಂದಲೇ ವಾಪಸ್ ತಿರುಗಿಸಬೇಕು. ಹೊಂಡ ಬಿದ್ದ ತಿರುವಿನಲ್ಲಿ ಬ್ರೇಕ್ ತುಳಿದರೆ ರಿಜಿಡ್ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಅಚ್ಚು) ಕುಪ್ಪಳಿಸಿ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಸ್ಪೀಡೆಲ್ಲ ಮೊದಲೇ ಇಳಿದಿರಬೇಕು.

ಇಳಿಜಾರಿಗೆ ಬರೋಣ, ದುಡ್ಡು ಉಳಿಯುವುದು ಅಲ್ಲಿ. ಹತ್ತಿದ ಗೇರಿನಲ್ಲೇ ಇಳಿಸಿ ಅನ್ನುವ ಹಳೇ ಮಾತು ಈ ಸಣ್ಣ ಇಂಜಿನ್ನಿಗೂ ಹೊಂದುತ್ತದೆ. ನನ್ನ ಲೆಕ್ಕ ಸರಳ: ಎರಡು ತಿರುವುಗಳ ನಡುವೆ ಒಂದಕ್ಕಿಂತ ಹೆಚ್ಚು ಸಲ ಬ್ರೇಕ್ ಬೇಕಾಯಿತು ಅಂದರೆ ಗೇರ್ ಒಂದು ಹೆಚ್ಚಾಗಿದೆ. ಬ್ರೇಕನ್ನು ಗಟ್ಟಿಯಾಗಿ, ಚಿಕ್ಕದಾಗಿ ತುಳಿದು ಪೂರ್ತಿ ಬಿಡಿ. ಕಾಲು ಇಟ್ಟುಕೊಂಡೇ ಇಳಿಸಿದರೆ ಡಿಸ್ಕಿಗೆ ತಣಿಯಲು ಪುರುಸೊತ್ತೇ ಇರುವುದಿಲ್ಲ. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬ್ಯುರೇಟರ್ ಕಾಲದ ಮಾತು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರುಗಳೇ ಮುಚ್ಚಿಕೊಳ್ಳುತ್ತವೆ, ಒಂದು ಹನಿಯೂ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಸುರಿಯುತ್ತಲೇ ಇರುತ್ತದೆ, ಜೊತೆಗೆ ಬ್ರೇಕೂ ಬೇಯುತ್ತದೆ. ಹತ್ತುವಾಗ ಲೀಟರಿಗೆ ಎಂಟೋ ಒಂಬತ್ತೋ ಕೊಡುವ ಗಾಡಿ ಹೋಗಿಬಂದ ಲೆಕ್ಕಕ್ಕೆ ಹದಿನಾಲ್ಕರ ಹತ್ತಿರ ಬರುವುದು ಇದರಿಂದಲೇ.

ಬ್ರೇಕ್ ಆಯಿಲ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ನನಗೆ ಸಂಕಟ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದಮೇಲೆ 155ಕ್ಕೇ ಕುದಿಯಬಹುದು. ಕುದ್ದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಎರಡು ವರ್ಷ ಕಾಯಬೇಡಿ, ಪ್ರತಿ ಮಳೆಗಾಲ ಕಳೆದಮೇಲೆ ಬದಲಿಸಿ. ಏಳೆಂಟು ನೂರು ರೂಪಾಯಿ ಕೆಲಸ.

ಪ್ರಯೋಗಗಳೂ ಆದವು. ದುಬಾರಿ ಹೈ-ಆಕ್ಟೇನ್ ಪೆಟ್ರೋಲಿನಿಂದ ಏರಿನಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ, ದುಡ್ಡು ದಂಡ. 235/75 ಟಯರ್ ಹಾಕಿದ ಗಾಡಿಯನ್ನೂ ಓಡಿಸಿ ನೋಡಿದೆ: ಕಂಪನಿಯ 195/80 R15ಗಿಂತ ವ್ಯಾಸ ಶೇ. 6ರಷ್ಟು ಹೆಚ್ಚು, ಅಂದರೆ ಪ್ರತಿ ಗೇರೂ ಅಷ್ಟೇ ಉದ್ದವಾಗುತ್ತದೆ. ಎರಡನೆಯದರಲ್ಲಿ ಹತ್ತುತ್ತಿದ್ದ ಏರಿಗೆ ಮೊದಲನೆಯದು ಬೇಕಾಯಿತು. ರೇಸಿಂಗಿನವರು ಹೇಳಿದ ಗಟ್ಟಿ ಪ್ಯಾಡ್ ಬಿಸಿಯಾದಾಗ ಚೆನ್ನಾಗಿ ಹಿಡಿಯಿತು, ಜುಲೈ ಮಳೆಯ ತಣ್ಣನೆ ಬೆಳಿಗ್ಗೆ ಮೊದಲ ತುಳಿತಕ್ಕೆ ಹಿಡಿಯಲೇ ಇಲ್ಲ. ಸುಮಾರು ನಾಲ್ಕು ಸಾವಿರ ಕೊಟ್ಟು ತಂದದ್ದನ್ನು ಕಳಚಿಟ್ಟಿದ್ದೇನೆ. ಈಗ ಬಳಸುವ ಪ್ಯಾಡ್ ಯಾವುದು, ಲೋಡಿಗೆ ತಕ್ಕಂತೆ ಹಿಂದಿನ ಟಯರಿಗೆ ಗಾಳಿ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗಾಳಿಗೆ ನೀವು ಬಾಗಿಲ ಕಂಬದ ಸ್ಟಿಕರ್ ನೋಡಿಯೇ ಶುರುಮಾಡಿ.

ಒಣ ಡಾಂಬರಿನಲ್ಲಿ 4H (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸ್ಥಾನ) ಹಾಕಿ ಹೇರ್‌ಪಿನ್ ತಿರುಗಿಸಬೇಡಿ. ಮುಂದಿನ, ಹಿಂದಿನ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದ್ದರಿಂದ ಗಾಡಿ ಕಟ್ಟಿಹಾಕಿದಂತೆ ಬಿಗಿಯುತ್ತದೆ, ಪೆಟ್ಟು ಬೀಳುವುದು ಗೇರುಗಳಿಗೆ. ಕೆಸರು, ಸಡಿಲ ಜಲ್ಲಿಗೆ ಮಾತ್ರ ಅದು. ತೋಟದ ಕಡಿದಾದ ಕಲ್ಲು ದಾರಿಯಲ್ಲಿ ಇಳಿಯಲು 4Lನ (ನಾಲ್ಕೂ ಚಕ್ರದ ನಿಧಾನ, ಹೆಚ್ಚು ಬಲದ ಸ್ಥಾನ) ಮೊದಲನೇ ಗೇರ್: ಪೆಡಲ್ ಮುಟ್ಟದೆ ಏಳೆಂಟು ಕಿ.ಮೀ. ಸ್ಪೀಡಿನಲ್ಲಿ ತಾನೇ ಇಳಿಯುತ್ತದೆ. ಮುಳ್ಳಯ್ಯನಗಿರಿ ಕಡೆ, 1,900 ಮೀಟರ್ ಹತ್ತಿರ, ತೆಳುಗಾಳಿಗೆ ಶಕ್ತಿಯಲ್ಲಿ ಆರನೇ ಒಂದು ಪಾಲಿನಷ್ಟು ಹೋಗುತ್ತದೆ. ಅಲ್ಲಿ ಎ.ಸಿ. ಆಫ್. ಚಾರ್ಮಾಡಿ ಮಂಜಿನಲ್ಲಿ ಮಾತ್ರ ಎ.ಸಿ. ಆನ್ ಇರಲಿ, ಬಿಸಿಗಾಳಿ ಜೊತೆಗೆ, ಇಲ್ಲದಿದ್ದರೆ ಗಾಜು ಒಳಗಿನಿಂದ ಮಬ್ಬಾಗುತ್ತದೆ.

ಕೆಳಗೆ ಇಳಿದಮೇಲೆ ಮುಂದಿನ ಎರಡೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಕಾವು ಎರಡೂ ಕಡೆ ಒಂದೇ ಇರಬೇಕು. ಒಂದು ಕಡೆ ಹೆಚ್ಚಿದ್ದರೆ ಆ ಕಡೆಯ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ಒಣಗಿ ಹಿಡಿದಿರುವ ಸಾಧ್ಯತೆ ಹೆಚ್ಚು. ಬಿಸಿ ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ. ತಣಿದಮೇಲೆ ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿಸಿ. ಇನ್ನೂರು ರೂಪಾಯಿ ಒಳಗೆ ಮುಗಿಯುತ್ತದೆ.