ಅಮ್ಮನ ರೇಷ್ಮೆ ಸೀರೆ ಹಾಳಾಗದಂತೆ ಇಡುವುದು ಹೇಗೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಉಟ್ಟ ರೇಷ್ಮೆ ಸೀರೆಯನ್ನು ತಕ್ಷಣ ಮಡಚಿ ಬೀರುವಿಗೆ ಸೇರಿಸಬೇಡಿ. ಬೆವರು ಆರುವ ತನಕ ನೆರಳಲ್ಲಿ ಗಾಳಿಗೆ ಹರವಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಒಳಗೆ ತೇವ ನಿಂತರೆ ಜರಿ ಕಪ್ಪಾಗುತ್ತದೆ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ ಅಲ್ವಾ, ಅದಕ್ಕೇ. ಹಳೆಯ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿಟ್ಟರೆ ಸಾಕು. ನುಸಿ ಗುಳಿಗೆ ಸೀರೆಗೆ ತಾಗದಿರಲಿ. ಸೆಂಟನ್ನೂ ನೇರವಾಗಿ ಹೊಡೆಯಬೇಡಿ.

ಎಲ್ಲಕ್ಕಿಂತ ಮುಖ್ಯ, ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸುವುದು. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟರೆ ರೇಷ್ಮೆ ಅಲ್ಲೇ ಸೀಳುತ್ತದೆ. ಹಳೆಯ ಸೀರೆಯ ಮಡಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಳೆ ಸವೆದಿದ್ದರೆ ಗೆರೆಯುದ್ದಕ್ಕೂ ಸಣ್ಣ ಸಣ್ಣ ಬೆಳಕಿನ ಚುಕ್ಕಿ ಕಾಣಿಸುತ್ತವೆ. ಅಲ್ಲಿ ಮತ್ತೆ ಮಡಚಬೇಡಿ.

ಆಗಲೇ ಸೀಳಿದ್ದರೆ ಸುಮ್ನೆ ಬೀರುವಿನಲ್ಲಿ ಇಟ್ಟುಕೊಂಡು ಏನು ಮಾಡುವುದು? ಗಟ್ಟಿ ಭಾಗದಲ್ಲಿ ಮಗಳಿಗೆ ಲಂಗ ಹೊಲಿಸಿ. ಅಂಚನ್ನು ಸಾದಾ ಕುರ್ತಾಕ್ಕೆ ಪಟ್ಟಿಯಾಗಿ ಕೊಡಿಸಿದರೆ ಆಫೀಸಿಗೂ ಚೆನ್ನಾಗಿ ಒಪ್ಪುತ್ತದೆ. ಇನ್ನೂ ಗಟ್ಟಿಯಾಗಿರುವ ಸೀರೆಗೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ, ನಿಮ್ಮ ಅಳತೆಗೆ ಹೊಸ ರವಿಕೆ ಹೊಲಿಸಿಕೊಂಡು ಉಡಿ.