ಪ್ಲಾಟ್ ಗ್ರೂಪಿನಲ್ಲಿ ನಿಮ್ಮ ಮಾತಿಗೆ ಬೆಲೆ ಬರಬೇಕಾದರೆ

ಪ್ಲಾಟ್ ಕೊಳ್ಳುವವರು, ಮಾರುವವರು ಇರುವ ವಾಟ್ಸಾಪ್ ಗ್ರೂಪಿಗೆ ಸೇರಿದ ದಿನವೇ ‘ಸೋಲಾಪುರ ರೋಡಿಗೆ 30×40 ಅಡಿಯ ಪ್ಲಾಟ್ ಅದಾವು, ಬೇಕಾದವರು ಫೋನ್ ಮಾಡ್ರಿ’ ಅಂತ ಹಾಕಿದವರ ಹೆಸರು ವಾರದ ಮೇಲೆ ಯಾರಿಗೂ ನೆನಪಿರಲ್ಲ. ನಂಬರ್ ಸೇವ್ ಮಾಡಿಕೊಂಡವರೂ ‘ಪ್ಲಾಟ್ ಏಜೆಂಟ್ 7’ ಅಂತಲೇ ಮಾಡಿಕೊಂಡಿರುತ್ತಾರೆ. ನಾನೂ ಹಾಗೇ ಒಳಗೆ ಬಂದವನು, ಮೊದಲ ಆರು ತಿಂಗಳು ನನ್ನ ಮೆಸೇಜಿಗೆ ಒಂದು ಹೆಬ್ಬೆರಳೂ ಬಿದ್ದಿರಲಿಲ್ಲ.

ವಿಜಯಪುರದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಈಗ ಸುಮಾರು 400 ಜನ ಇದ್ದೇವೆ. ಮಾಸ್ತರರು, ಬ್ಯಾಂಕಿನವರು, ದ್ರಾಕ್ಷಿ ತೋಟದವರು, ಪುಣೆಯಲ್ಲಿ ಕೆಲಸ ಮಾಡುತ್ತಾ ಊರಲ್ಲಿ ಒಂದು ಪ್ಲಾಟ್ ಇರಲಿ ಅನ್ನುವವರು. ಈ ಪುಣೆಯವರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಉಳಿದಂತೆ ಅವರು ದುಡ್ಡು ಹಾಕುವುದು ಯಾರದೋ ಮಾತಿನ ಮೇಲೆ. ಆ ‘ಯಾರೋ’ ಆಗಬೇಕು ಅಂತ ಗ್ರೂಪಿನಲ್ಲಿ ಎಲ್ಲರಿಗೂ ಆಸೆ, ಆದರೆ ಅದಕ್ಕೆ ಬೇಕಾದ ಬೇಸರದ ಕೆಲಸ ಯಾರಿಗೂ ಬೇಡ. ಬೇಸರದ ಕೆಲಸ ಅಂದರೆ ಕಾಗದ ಓದುವುದು.

ಮೊದಲು ಪ್ರಶ್ನೆ ಕೇಳುವುದನ್ನು ಸರಿಯಾಗಿ ಕಲಿಯಿರಿ. ‘ಅಥಣಿ ರೋಡಿಗೆ ಪ್ಲಾಟ್ ತಗೊಬಹುದಾ?’ ಅಂತ ಕೇಳಿದರೆ ಹತ್ತು ಜನ ಹತ್ತು ರೀತಿ ಹೇಳುತ್ತಾರೆ, ಅದರಲ್ಲಿ ಐದು ಜನ ಅಲ್ಲೇ ಪ್ಲಾಟ್ ಮಾರುವವರು. ಅದರ ಬದಲು ಊರು, ಸರ್ವೆ ನಂಬರ್, ಪ್ಲಾಟ್ ನಂಬರ್, ಅಳತೆ, ಕೈಯಲ್ಲಿ ಯಾವ ಯಾವ ಕಾಗದ ಇದೆ, ಯಾವುದು ಇಲ್ಲ, ಎಷ್ಟು ಕೇಳುತ್ತಿದ್ದಾರೆ, ಇಷ್ಟನ್ನೂ ಒಂದೇ ಮೆಸೇಜಿನಲ್ಲಿ ಬರೆದು ‘ಇದರಲ್ಲಿ ನನಗೆ ಈ ಒಂದು ವಿಷಯ ತಿಳಿಯುತ್ತಿಲ್ಲ’ ಅಂತ ಕೇಳಿ ನೋಡಿ. ಸುಮ್ನೆ ಕೂತಿದ್ದ ಹಿರಿಯರೂ ಮಾತಾಡುತ್ತಾರೆ. ಕೊನೆಗೆ ಏನು ಮಾಡಿದಿರಿ ಅನ್ನುವುದನ್ನು ತಿಂಗಳ ಮೇಲಾದರೂ ಬಂದು ಹೇಳಿ. ಇದನ್ನು ನೂರಕ್ಕೆ ತೊಂಬತ್ತು ಜನ ಮಾಡಲ್ಲ. ಸಲಹೆ ತಗೊಂಡು ಮಾಯವಾದವರು ಮುಂದಿನ ಸಲ ಕೇಳಿದಾಗ ಗ್ರೂಪ್ ಪೂರ್ತಿ ಮೌನ, ನೋಡಿದ್ದೇನೆ.

ಆಮೇಲೆ ಒಂದು ವಿಷಯ ಹಿಡಿಯಿರಿ, ಒಂದೇ ಸಾಕು. ಎಲ್ಲಾ ಗೊತ್ತು ಅನ್ನುವವನಿಗಿಂತ ‘ಇಸಿ ಓದಬೇಕಾ? ಇವರನ್ನ ಕೇಳ್ರಿ’ ಅನ್ನಿಸಿಕೊಳ್ಳುವವನ ಹೆಸರು ಬೇಗ ನಿಲ್ಲುತ್ತದೆ. ಇಸಿ ಅಂದರೆ ಆಸ್ತಿಯ ನೋಂದಾಯಿತ ವಹಿವಾಟು, ಸಾಲ ತೋರಿಸುವ ಋಣಭಾರ ಪತ್ರ. ಬೆಳಗಾವಿಯ ಗ್ರೂಪೊಂದರಲ್ಲಿ ಒಬ್ಬ ಅಜ್ಜ ಇದ್ದಾರೆ, ಮೋಡಿ ಲಿಪಿ, ಅಂದರೆ ಮರಾಠಿಯ ಹಳೆಯ ಕೂಡುಬರಹ, ಓದುತ್ತಾರೆ. ಈ ಕಡೆಯ ಜಿಲ್ಲೆಗಳು 1956ರವರೆಗೆ ಮುಂಬೈ ರಾಜ್ಯದಲ್ಲಿದ್ದವು, ಹಾಗಾಗಿ ಹಳೆಯ ಮನೆತನದ ಕಾಗದ ತೆಗೆದರೆ ಮರಾಠಿ, ಮೋಡಿ ಬರುತ್ತದೆ, ಹೊಸ ವಕೀಲರೂ ತಲೆ ಕೆರೆದುಕೊಳ್ಳುತ್ತಾರೆ. ಆ ಅಜ್ಜ ಯಾರಿಗೂ ರೇಟ್ ಹೇಳಿಲ್ಲ, ಒಂದು ಪ್ಲಾಟ್ ಮಾರಿಲ್ಲ, ಆದರೆ ಅವರು ‘ನಮಸ್ಕಾರ’ ಅಂತ ಹಾಕಿದರೂ ಗ್ರೂಪ್ ಎದ್ದು ಕೂರುತ್ತದೆ. ಬಾಗಲಕೋಟೆಯವರಾದರೆ ನವನಗರದ ಪ್ಲಾಟ್‌ಗಳ ಕಥೆ ಕಲಿಯಬಹುದು. ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟವರಿಗಾಗಿ ಕಟ್ಟಿದ ಊರು ಅದು, ಪ್ಲಾಟ್ ಮೊದಲು ಯಾರ ಹೆಸರಿಗೆ ಹಂಚಿಕೆಯಾಯಿತು, ಅವರಿಂದ ಕೈ ಬದಲಾಗಿದ್ದು ಹೇಗೆ ಅನ್ನುವುದೇ ಅಲ್ಲಿ ದೊಡ್ಡ ವಿದ್ಯೆ.

ನಾನು ಹಿಡಿದದ್ದು ಸಾದಾ ಕಾಗದಗಳು. ಹೊಸಬರಿಗೆ ಪದೇ ಪದೇ ಹೇಳುವುದು ಇಷ್ಟೇ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮಾರುವವರ ಹೆಸರು ಒಂದೇ ಇದೆಯೋ ಅಣ್ಣ ತಮ್ಮ ತಂಗಿ ಎಲ್ಲರದೂ ಇದೆಯೋ ನೋಡಿ. ಕೆಳಗೆ ಬ್ಯಾಂಕಿನ ಬೋಜಾ, ಅಂದರೆ ಸಾಲದ ಹೊರೆ, ಇದೆಯಾ ನೋಡಿ. ಇಸಿ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನ್ ಸಿಗುತ್ತದೆ, ಆದರೆ 2004ರಿಂದ ಈಚೆಗಿನದು ಮಾತ್ರ. ಅದಕ್ಕಿಂತ ಹಿಂದಿನದಕ್ಕೆ ನೋಂದಣಿ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು, 30 ವರ್ಷದ್ದು ತೆಗೆಸುವುದು ರೂಢಿ. ‘ಎನ್ಎ ಆಗೇದ್ರಿ’ ಅಂದರೆ ಅದು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಹೊಲ ಬಿನಶೇತ್ಕಿ, ಅಂದರೆ ಕೃಷಿಯೇತರ, ಆಗಿದೆ ಅಂತ ಮಾತ್ರ. ಲೇಔಟ್ ನಕ್ಷೆಗೆ ಮಂಜೂರಾತಿ ಸಿಕ್ಕಿದೆ ಅಂತ ಅರ್ಥವಲ್ಲ, ಅದು ಬೇರೆ ಕಾಗದ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ, 11ಬಿ ಅಂದರೆ ನಿಯಮದಂತಿಲ್ಲದ ಆಸ್ತಿಯದು, ಅದನ್ನು ಕೈಗಿಟ್ಟರೆ ಯಾಕೆ ಬಿ ಅಂತ ಕೇಳಿ. ಪಟ್ಟಣದೊಳಗಾದರೆ ಇ-ಖಾತಾ, 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಮುಂದೆ ಹೋಗಲ್ಲ. ಬರೀ ಮುಖ್ತಿಯಾರ್ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ‘ಖರೀದಿ’ ಅನ್ನುವವರಿದ್ದಾರೆ, ಹಾಗೆ ಮಾಲಕಿ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಕಾಗದ ಓದಿದ ಮೇಲೆ ಜಾಗಕ್ಕೆ ಹೋಗಬೇಕು. ಇದನ್ನು ಜಾಸ್ತಿ ಜನ ಬಿಡುತ್ತಾರೆ, ಅದಕ್ಕೇ ಹೋದವನಿಗೆ ಬೆಲೆ.

ನಮ್ಮ ಗ್ರೂಪಿನ ಒಬ್ಬ ನಿವೃತ್ತ ಮಾಸ್ತರರು ಮಗಳ ಹೆಸರಿಗೆ ಪ್ಲಾಟ್ ನೋಡುತ್ತಿದ್ದರು. ‘ನೀವೂ ಬರ್ರಿ’ ಅಂದರು, ಹೋದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಎರೆಮಣ್ಣು ಗೊತ್ತಲ್ಲ, ನಾಲ್ಕು ಹೆಜ್ಜೆಗೆ ಚಪ್ಪಲಿ ಕೆಳಗೆ ಇನ್ನೊಂದು ಚಪ್ಪಲಿ. ಏಜೆಂಟ್ ಹುಡುಗ ರೋಡಿಗೆ ಹತ್ತಿದ ಒಳ್ಳೆ ಜಾಗದಲ್ಲಿ ನಿಂತು, ಕಾಲಲ್ಲೇ ಗೆರೆ ಎಳೆದು ‘ಇದೇ ನೋಡ್ರಿ ಮಾಸ್ತರ, 18ನೇ ನಂಬರ್’ ಅಂದ. ನಾನು ಫೋನಿನಲ್ಲಿ ದಿಶಾಂಕ್ ತೆರೆದೆ. ಸರ್ಕಾರದ್ದೇ ಆ್ಯಪ್ ಅದು, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಾಗದದಲ್ಲಿದ್ದ ನಂಬರ್ ಬೇರೆ, ಫೋನಿನಲ್ಲಿ ಬಂದದ್ದು ಬೇರೆ. ಆ್ಯಪ್ ಹತ್ತಿಪ್ಪತ್ತು ಅಡಿ ಹೆಚ್ಚುಕಡಿಮೆ ತೋರಿಸುವುದುಂಟು, ಹಾಗಾಗಿ ಬಾಯಿ ಬಿಡಲಿಲ್ಲ. ಸುಮ್ನೆ ಹಿಂದಕ್ಕೆ ನಡೆದೆ. ಬದು ದಾಟಿ, ಬೇವಿನ ಮರ ದಾಟಿ, ಒಂದು ನಾಲೆಯ ಹತ್ತಿರ ಬಂದಾಗ ಕಾಗದದ ನಂಬರ್ ಫೋನಿನಲ್ಲಿ ಬಂತು. ತೋರಿಸಿದ್ದು ಮುಂದಿನ ಹೊಲ, ಮಾರುತ್ತಿದ್ದದ್ದು ಹಿಂದಿನದು, ಅದಕ್ಕೆ ದಾರಿಯೇ ಇರಲಿಲ್ಲ. ಮಾಸ್ತರರು ಏನೂ ಬೈಯಲಿಲ್ಲ. ‘ತಮ್ಮಾ, ನೀರಿದ್ರ ಕೊಡು, ಕಾಲ ತೊಳಕೋತೀನಿ’ ಅಂದರು, ಅಷ್ಟೇ.

ಇದನ್ನು ಗ್ರೂಪಿನಲ್ಲಿ ಹೇಗೆ ಬರೆಯಬೇಕು ಅನ್ನುವುದು ಮುಖ್ಯ. ‘ಕಳ್ಳರು, ಮೋಸ’ ಅಂತ ಏಜೆಂಟನ ಫೋಟೋ ಸಮೇತ ಹಾಕುವ ಆಸೆ ಬಂತು, ಸುಳ್ಳು ಹೇಳಲ್ಲ. ಆದರೆ ಹುಡುಗನಿಗೂ ಗೊತ್ತಿತ್ತೋ ಇಲ್ಲವೋ ನಮಗೆ ಹೇಗೆ ಗೊತ್ತು? ಹೆಸರು ಬಿಟ್ಟು, ಜಾಗ ಬಿಟ್ಟು, ನಡೆದದ್ದನ್ನು ಮಾತ್ರ ಬರೆದೆ. ದಿಶಾಂಕ್ ಹೇಗೆ ಬಳಸುವುದು, ಸಂಶಯ ಬಂದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯವರಿಂದ ಗಡಿ ಗುರುತಿಸಲು, ಅರ್ಜಿ ಹೇಗೆ ಹಾಕುವುದು ಅಂತ ಕೆಳಗೆ ಸೇರಿಸಿದೆ. ಆ ಮೆಸೇಜನ್ನು ಇವತ್ತಿಗೂ ಜನ ಬೇರೆ ಗ್ರೂಪಿಗೆ ಕಳಿಸುತ್ತಿರುತ್ತಾರೆ.

ಈಗ ಲೆಕ್ಕದ ವಿಷಯ. ‘2017ರಲ್ಲಿ 6 ಲಕ್ಷಕ್ಕೆ ತಗೊಂಡೆ, 2025ರಲ್ಲಿ 14ಕ್ಕೆ ಕೊಟ್ಟೆ’ ಅಂತ ಮೀಸೆ ತಿರುವುವವರು ಪ್ರತಿ ಗ್ರೂಪಿನಲ್ಲೂ ಇದ್ದಾರೆ. ನಾನೂ ಒಂದು ಪ್ಲಾಟ್ ಇದೇ ರೇಟಿಗೆ ಮಾರಿದೆ, ಆದರೆ ಪೂರ್ತಿ ಲೆಕ್ಕ ಹಾಕಿದೆ. ಖರೀದಿ ವೇಳೆ ಸ್ಟಾಂಪು, ನೋಂದಣಿ ಎಲ್ಲಾ ಸೇರಿ 6.6 ಶೇಕಡಾ, 39,600 ರೂಪಾಯಿ. ತಂತಿ ಬೇಲಿ, ಜಾಲಿ ಕಡಿಸಿದ್ದು, ವರ್ಷ ವರ್ಷದ ಕರ ಸೇರಿ ಇನ್ನೊಂದು 35,000 ಚಿಲ್ಲರೆ. ಒಟ್ಟು ಹೋದದ್ದು 6.75 ಲಕ್ಷ. ಮಾರುವಾಗ ಕಮಿಷನ್ 28,000, ಲಾಭದ ಮೇಲೆ 12.5 ಶೇಕಡಾ ತೆರಿಗೆ ಅಂದರೆ 90,000ದ ಆಸುಪಾಸು. ಕೈಗೆ ಬಂದದ್ದು 12.8 ಲಕ್ಷ. ವರ್ಷಕ್ಕೆ 11 ಶೇಕಡಾ ಅಂತ ಕಾಣುತ್ತಿದ್ದದ್ದು 8ರ ಸ್ವಲ್ಪ ಮೇಲೆ ಬಂದು ನಿಂತಿತು. ಇದನ್ನು ಹಾಕಿದ ದಿನ ಇಬ್ಬರು ಏಜೆಂಟರು ಗ್ರೂಪ್ ಬಿಟ್ಟರು. ಪರವಾಗಿಲ್ಲ. ಅದೇ ದಿನ ಪುಣೆಯ ಮೂರು ಜನ ‘ನಮ್ಮದೂ ಸ್ವಲ್ಪ ನೋಡಿ ಹೇಳ್ರಿ’ ಅಂತ ಫೋನ್ ಮಾಡಿದರು.

ಈಗ ತಗೊಳ್ಳುವವರು ಒಂದು ಗಮನಿಸಿ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1 ಶೇಕಡಾ ಇದ್ದದ್ದು 2 ಆಗಿದೆ. ಪಟ್ಟಣದಲ್ಲಿ ಒಟ್ಟು ಖರ್ಚು 7.6 ಶೇಕಡಾ, 20 ಲಕ್ಷದ ಪ್ಲಾಟಿಗೆ 1,52,000. ಇಂಥ ಬದಲಾವಣೆ ಬಂದ ದಿನವೇ ಲೆಕ್ಕ ಸಮೇತ ಹಾಕುವವರಾಗಿ. ‘ಇನ್ನೂ ರೇಟ್ ಏರತದ, ಬೇಗ ತಗೋರಿ’ ಅಂತ ಮಾತ್ರ ಜೊತೆಗೆ ಸೇರಿಸಬೇಡಿ.

ಕಮಿಷನ್ ತಗೊಳ್ಳುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ನೀವು ಹೇಳುವ ಲೇಔಟಿನಲ್ಲಿ ನಿಮಗೆ ಏನಾದರೂ ಸಿಗುವುದಿದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಭಾವನ ಲೇಔಟ್ ಆದರೆ ಭಾವನದು ಅಂತ ಬರೆಯಿರಿ. ವಿಜಯಪುರ ಎಷ್ಟು ದೊಡ್ಡದು ಹೇಳಿ, ಗಾಂಧಿ ಚೌಕದಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಯಾರು ಯಾರ ಬೀಗರು ಅಂತ ಗೊತ್ತಾಗುತ್ತದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿ ಆಗಬೇಕು, ಅದು 5 ಗುಂಟೆಗಿಂತ ಸ್ವಲ್ಪ ಕಡಿಮೆ, ಅಂದರೆ ಪಾಂಪ್ಲೆಟ್ ಹೊಡೆಸುವ ಲೇಔಟ್ ಬಹುತೇಕ ಎಲ್ಲವೂ ಅದರೊಳಗೆ ಬರುತ್ತದೆ. ಅಂಥದ್ದನ್ನು ಮಾರಿಸಿಕೊಡುವ ಏಜೆಂಟನೂ ನೋಂದಣಿ ಮಾಡಿಸಿರಬೇಕು, ಜಾಹೀರಾತಿನಲ್ಲಿ ರೇರಾ ನಂಬರ್ ಇರಬೇಕು. ನಂಬರ್ ಇಲ್ಲದ ಪಾಂಪ್ಲೆಟ್ ಗ್ರೂಪಿಗೆ ಬಂದಾಗ ನಾನು ಒಂದೇ ಸಾಲು ಬರೆಯುತ್ತೇನೆ: ‘ರೇರಾ ನಂಬರ್ ಹಾಕ್ರಿ ಅಣ್ಣಾರ.’ ಜಗಳ ಇಲ್ಲ, ಭಾಷಣ ಇಲ್ಲ. ಇದ್ದವರು ಹಾಕುತ್ತಾರೆ.

ವಿಮಾನ ನಿಲ್ದಾಣದ ಮಾತು ಇಲ್ಲದೆ ನಮ್ಮ ಗ್ರೂಪ್ ನಡೆಯಲ್ಲ. ಬುರಣಾಪುರದ ಹತ್ತಿರ ಕೆಲಸ ಶುರುವಾದಾಗಿನಿಂದ ಜಿಲ್ಲೆಯ ಎಲ್ಲಾ ಪ್ಲಾಟ್‌ಗಳೂ ‘ಏರ್‌ಪೋರ್ಟಿಗೆ 5 ನಿಮಿಷ’. ಒಂದು ಭಾನುವಾರ ನಾನು ಸ್ಕೂಟರ್ ತಗೊಂಡು ಅಂಥ ಒಂದು ಲೇಔಟಿನಿಂದ ಹೊರಟು ಗಡಿಯಾರ ನೋಡಿದೆ, 23 ನಿಮಿಷ. ಫೋಟೋ, ಹೊರಟ ಹೊತ್ತು, ಮುಟ್ಟಿದ ಹೊತ್ತು, ಇಷ್ಟೇ ಹಾಕಿದೆ. ಗಾಳಿಸುದ್ದಿಗೆ ವಾದ ಮಾಡಿದರೆ ಗಾಳಿಸುದ್ದಿಯೇ ಗೆಲ್ಲುತ್ತದೆ, ಅದಕ್ಕೇ ವಾದಕ್ಕಿಳಿಯಲಿಲ್ಲ.

ಇಷ್ಟೆಲ್ಲಾ ಹೇಳುವ ನಾನು ಎಡವಿದ್ದನ್ನೂ ಹೇಳಬೇಕಲ್ವಾ. ಒಂದು ಲೇಔಟಿನ ಎನ್ಎ ಆದೇಶ ನೋಡಿ ‘ಕಾಗದ ಸರಿ ಅದಾವ’ ಅಂತ ಗ್ರೂಪಿನಲ್ಲಿ ಬರೆದುಬಿಟ್ಟೆ. ಅದನ್ನು ನಂಬಿ ಒಬ್ಬರು 50,000 ಸಂಚಕಾರ (ಮುಂಗಡ) ಕೊಟ್ಟರು. ಲೇಔಟ್ ನಕ್ಷೆ ಮಂಜೂರಾಗಿರಲಿಲ್ಲ, ಮೇಲೆ ನಾನೇ ಹೊಸಬರಿಗೆ ಹೇಳುವ ಮಾತು, ಅವತ್ತು ನಾನೇ ನೋಡಿರಲಿಲ್ಲ. ಗೊತ್ತಾದ ರಾತ್ರಿ ಹಳೆಯ ಮೆಸೇಜ್ ಅಳಿಸಿಬಿಡೋಣ ಅನ್ನಿಸಿತ್ತು. ಅಳಿಸಲಿಲ್ಲ, ಅದನ್ನೇ ಹಿಡಿದು ಅದರ ಕೆಳಗೆ ‘ಇದು ನನ್ನ ತಪ್ಪು, ನಕ್ಷೆ ನೋಡದೆ ಹೇಳಿದೆ, ಯಾರೂ ಮುಂದೆ ಹೋಗಬೇಡಿ’ ಅಂತ ಬರೆದೆ. ಆಮೇಲೆ ಅವರ ಜೊತೆ ಮಾರುವವರ ಮನೆಗೆ ಮೂರು ಸಲ ಹೋದೆ. 25,000 ವಾಪಸ್ ಬಂತು, ಉಳಿದದ್ದು ಬರಲಿಲ್ಲ. ಅವರು ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ, ಅದು ಸರಿಯೇ. ಈಗ ‘ಕಾಗದ ಸರಿ ಇದೆ’ ಅಂತ ಒಟ್ಟಾರೆ ಬರೆಯುವುದನ್ನೇ ಬಿಟ್ಟಿದ್ದೇನೆ. ಯಾವ ಕಾಗದ ನೋಡಿದೆ, ಯಾವುದು ನೋಡಿಲ್ಲ, ವಕೀಲರಿಗೆ ಯಾವುದನ್ನು ತೋರಿಸಬೇಕು, ಬಿಡಿಬಿಡಿಯಾಗಿ ಬರೆಯುತ್ತೇನೆ. ಉದ್ದ ಆಗುತ್ತದೆ, ಆಗಲಿ.

ಇನ್ನೊಂದು ಸಣ್ಣದು. ಯಾರೋ ನಂಬಿ ಕಳಿಸಿದ ಖರೀದಿ ಪತ್ರವನ್ನು ಗ್ರೂಪಿನಲ್ಲಿ ಹಾಕಬೇಡಿ, ಅದರಲ್ಲಿ ಆಧಾರ್ ನಂಬರ್, ಸಹಿ, ಹೆಬ್ಬೆಟ್ಟಿನ ಗುರುತು ಎಲ್ಲಾ ಇರುತ್ತದೆ. ಹಾಕಲೇಬೇಕಾದರೆ ಆ ಭಾಗ ಕಪ್ಪು ಮಾಡಿ, ಅವರನ್ನು ಕೇಳಿ ಹಾಕಿ. ಮತ್ತೆ ಕಾಗದ ನೋಡಲು ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಇಲ್ಲದಿದ್ದರೆ ಮನೆಯವರು ಫೋನ್ ಕಸಿದುಕೊಳ್ಳುತ್ತಾರೆ. ನನ್ನದು ಊಟದ ಮೇಲೆ, ಒಂಬತ್ತೂವರೆಯಿಂದ ಹತ್ತೂವರೆ.

ನಿನ್ನೆ ರಾತ್ರಿ ಒಬ್ಬರು 14 ಪುಟ ಕಳಿಸಿದರು. ಮೂರು ಪುಟ ಅಡ್ಡಡ್ಡ, ಒಂದರ ಮೇಲೆ ಅವರದೇ ಹೆಬ್ಬೆರಳು. ನಾಲ್ಕೂ ದಿಕ್ಕಿನ ಹದ್ದು ಬರೆದಿರುವ ಚತುಃಸೀಮೆಯ ಪುಟವೇ ಇಲ್ಲ. ‘ಅದೊಂದು ಕಳಿಸ್ರಿ ಕಾಕಾ’ ಅಂತ ಹಾಕಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಪುಟ ಇನ್ನೂ ಬಂದಿಲ್ಲ.