ಏಪ್ರಿಲ್ ಒಂದಕ್ಕೆ ನಾನು ಹೇಳುವ ಒಂದೇ ಸುಳ್ಳು

ಏಪ್ರಿಲ್ ಫೂಲ್ ಮಾಡಲು ಹೋಗಿ ಜನ ಕೆಡಿಸಿಕೊಳ್ಳುವುದು ಒಂದೇ ಕಾರಣಕ್ಕೆ. ಸುಳ್ಳು ಜಾಸ್ತಿ ಹೇಳುತ್ತಾರೆ. ಬೆಳಗ್ಗೆ ಎದ್ದು "ನಿನ್ನ ಹಿಂದೆ ಹಾವು" ಅಂದರೆ ನಾನಿರುವ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಯಾರೂ ಕತ್ತು ಕೂಡ ತಿರುಗಿಸುವುದಿಲ್ಲ. ನನ್ನ ಲೆಕ್ಕ ಬೇರೆ. ಎಲ್ಲವೂ ನಿಜ ಇರಬೇಕು, ನಡುವೆ ಒಂದೇ ಒಂದು ಸುಳ್ಳು, ಅದೂ ದಿನಾ ನೋಡುವ ವಸ್ತುವಿನ ವೇಷದಲ್ಲೇ ಬರಬೇಕು.

ಬಿಬಿಸಿಯವರು 1957ರ ಏಪ್ರಿಲ್ 1ರಂದು ಮಾಡಿದ್ದೂ ಇದನ್ನೇ ಅಲ್ವಾ? ಸ್ವಿಟ್ಜರ್ಲೆಂಡಿನಲ್ಲಿ ಒಂದು ಕುಟುಂಬ ಮರದಿಂದ ಸ್ಪಗೆಟ್ಟಿ ಕೊಯ್ಯುವುದನ್ನು ಟಿವಿಯಲ್ಲಿ ತೋರಿಸಿದರು. ಕಾರ್ಯಕ್ರಮ ಪನೋರಮಾ, ನಗುವಿಗೆ ಜಾಗವೇ ಇಲ್ಲದ ಗಂಭೀರ ಕಾರ್ಯಕ್ರಮ. ಮಾತು ರಿಚರ್ಡ್ ಡಿಂಬಲ್ಬಿಯದು, 1953ರಲ್ಲಿ ರಾಣಿಯ ಪಟ್ಟಾಭಿಷೇಕದ ವಿವರಣೆ ಕೊಟ್ಟದ್ದು ಇದೇ ದನಿ. ಆಗ ಬ್ರಿಟನ್ನಿನ ಮನೆಗಳಲ್ಲಿ ಸ್ಪಗೆಟ್ಟಿ ಅಪರೂಪ. ಗಿಡ ಬೆಳೆಸುವುದು ಹೇಗೆ ಅಂತ ಜನ ಫೋನ್ ಮಾಡಿ ಕೇಳಿದರು. ಡಬ್ಬದ ಟೊಮೆಟೊ ಸಾಸಿನಲ್ಲಿ ಒಂದು ಎಳೆ ನೆಟ್ಟು ನೋಡಿ ಅಂತ ಉತ್ತರ ಹೋಯಿತು! ನನಗೆ ಮರಕ್ಕಿಂತ ಈ ಉತ್ತರವೇ ಇಷ್ಟ.

ನನ್ನ ಹಳೆಯ ಆಟ ಧಾರವಾಡ ಪೇಡೆಯದು. ಊರಿಗೆ ಹೋದಾಗೆಲ್ಲ ಆಫೀಸಿಗೆ ಪೇಡೆ ತರುತ್ತೇನೆ, ವರ್ಷವಿಡೀ ನಿಜವಾದದ್ದೇ. ಆ ನಂಬಿಕೆ ಇಲ್ಲದಿದ್ದರೆ ಈ ಆಟ ನಡೆಯುವುದೇ ಇಲ್ಲ. ಏಪ್ರಿಲ್ ಒಂದರ ನಕಲಿ ಪೇಡೆಗೆ ಕಡಲೆ ಹಿಟ್ಟನ್ನು ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಚೆನ್ನಾಗಿ ಕಂದು ಬಣ್ಣ ಬರುವ ತನಕ ಹುರಿಯಬೇಕು. ಅದಕ್ಕೆ ಉಪ್ಪು, ಅಜವಾನ, ಸ್ವಲ್ಪ ಖಾರದ ಪುಡಿ. ಬೆಚ್ಚಗಿರುವಾಗಲೇ ಉಂಡೆ ಕಟ್ಟಿ ಸಕ್ಕರೆಯಲ್ಲಿ ಹೊರಳಿಸಬೇಕು, ಆರಿದರೆ ಸಕ್ಕರೆ ಅಂಟುವುದಿಲ್ಲ, ಉದುರಿ ಗುಟ್ಟು ರಟ್ಟಾಗುತ್ತದೆ. ಉಂಡೆ ಎಲ್ಲಾ ಒಂದೇ ಅಳತೆಗೆ ಬಂದರೆ ಅನುಮಾನ, ಹಾಗಾಗಿ ಒಂದೆರಡು ಬೇಕಂತಲೇ ಸೊಟ್ಟ ಮಾಡುತ್ತೇನೆ. ಡಬ್ಬ ಮಾತ್ರ ಅಂಗಡಿಯ ಅಸಲಿ ಡಬ್ಬ, ಮೇಲಿನ ದಾರ ಸಮೇತ ಎತ್ತಿಟ್ಟಿರುತ್ತೇನೆ.

ನಾನಿರುವುದು ಅಕೌಂಟ್ಸ್ ವಿಭಾಗದಲ್ಲಿ. ಮಾರ್ಚ್ 31ರ ಕೆಲಸ ಮುಗಿಸಿ ಎಲ್ಲರೂ ಅರೆ ನಿದ್ದೆಯಲ್ಲಿ ಬಂದಿರುತ್ತಾರೆ, ತಾರೀಖು ಯಾವುದು ಅಂತ ಯಾರಿಗೂ ನೆನಪಿರುವುದಿಲ್ಲ. ಪೇಡೆ ಬಾಯಿಗೆ ಹೋಗುತ್ತದೆ. ಮೊದಲು ಸಕ್ಕರೆ, ಮುಖದಲ್ಲಿ ಸಮಾಧಾನ. ಆಮೇಲೆ ಅಗಿಯುವುದು ನಿಧಾನ ಆಗುತ್ತದೆ. ಆಮೇಲೆ ಪೂರ್ತಿ ನಿಲ್ಲುತ್ತದೆ. ಉಗಿಯುವ ಹಾಗಿಲ್ಲ, ಪಾಪ ಊರಿಂದ ತಂದಿದ್ದಾನೆ. ಒಬ್ಬರು ನುಂಗಿ, ನೀರು ಕುಡಿದು, "ಛಾನ್ ಆಹೇ" ಅಂತ ಮರಾಠಿಯಲ್ಲಿ ಹೊಗಳಿದರು, ನಾನೇ ನಗು ತಡೆಯಲಾಗದೆ ಎದ್ದು ಹೋಗಬೇಕಾಯಿತು. ನಿಜವಾದ ಪೇಡೆಯ ಡಬ್ಬ ನನ್ನ ಡ್ರಾಯರಿನಲ್ಲಿ ರೆಡಿ ಇರುತ್ತದೆ, ಐದು ನಿಮಿಷದೊಳಗೆ ಹೊರಗೆ ಬರುತ್ತದೆ.

ತಿನ್ನಲು ಆಗದ್ದನ್ನು ತಿಂಡಿಯೊಳಗೆ ಇಡುವವರ ಜೊತೆ ನನಗೆ ಸ್ನೇಹವೇ ಬೇಡ. ಬಜ್ಜಿಯಲ್ಲಿ ಹತ್ತಿ ಇಟ್ಟು ಅಳಿಯನಿಗೆ ಬಡಿಸುವುದು ನಮ್ಮ ಕಡೆ ಹಳೆಯ ತಮಾಷೆ, ಗಂಟಲಿಗೆ ಸಿಕ್ಕಿಕೊಂಡರೆ ಯಾರು ಗತಿ? ಆಸ್ಪತ್ರೆ, ಸಾವು, ಕೆಲಸ ಹೋಯಿತು ಅನ್ನುವ ಸುದ್ದಿ, ಇವೂ ನನ್ನ ಪಟ್ಟಿಯಲ್ಲಿಲ್ಲ. 2020ರಲ್ಲಿ ಕೊರೊನಾ ಹೆಸರಲ್ಲಿ ಏಪ್ರಿಲ್ ಫೂಲ್ ಮಾಡಬೇಡಿ ಅಂತ ಮಹಾರಾಷ್ಟ್ರದ ಗೃಹ ಸಚಿವರೇ ಎಚ್ಚರಿಕೆ ಕೊಡಬೇಕಾಯಿತು. ಲೋಕಲ್ ಟ್ರೇನ್, ಸ್ಟೇಷನ್ ಸೇತುವೆ ಅಂತೂ ಬೇಡವೇ ಬೇಡ. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯ ನೂಕುನುಗ್ಗಲಲ್ಲಿ 2017ರಲ್ಲಿ 23 ಜನ ಹೋದ ಮುಂಬೈ ಇದು.

ನಮ್ಮೂರಲ್ಲಿ ಕಾಮಣ್ಣನ ಹಬ್ಬಕ್ಕೆ ಕುಳ್ಳು, ಕಟ್ಟಿಗೆ ಕದಿಯುತ್ತಿದ್ದೆವು. ಮನೆಯವರು ಬೈಯುತ್ತಿದ್ದರು, ಆದರೆ ಕದಿಯಲಿ ಅಂತಲೇ ಒಂದಿಷ್ಟು ಹೊರಗೆ ಬಿಟ್ಟಿರುತ್ತಿದ್ದರು. ಏಪ್ರಿಲ್ ಒಂದಕ್ಕೂ ಅಷ್ಟೇ ಸಲಿಗೆ ಇರುವ ಕಡೆ ಮಾತ್ರ ಕೈ ಹಾಕುತ್ತೇನೆ. ಇನ್ನೊಂದು, ಬ್ರಿಟನ್ನಿನಲ್ಲಿ ಮಧ್ಯಾಹ್ನ ಹನ್ನೆರಡರ ಮೇಲೆ ತಮಾಷೆ ಮಾಡಿದವನೇ ಫೂಲ್. ಈ ನಿಯಮ ನಾನು ಹಾಗೇ ಎತ್ತಿಕೊಂಡಿದ್ದೇನೆ.

ನನ್ನ ಪ್ರಕಾರ ನಾನು ಮಾಡಿದ್ದರಲ್ಲಿ ಒಳ್ಳೆಯದು ಲಿಫ್ಟಿನದು. ನಮ್ಮದು ಹಳೆಯ ಬಿಲ್ಡಿಂಗ್, ಎಳೆದು ಮುಚ್ಚುವ ಜಾಲರಿ ಬಾಗಿಲಿನ ಲಿಫ್ಟ್. ಒಳಗೆ ಮಾತಾಡಿದರೆ ಮೇಲಿನ ಮಹಡಿಗೆ ಕೇಳುತ್ತದೆ. ಆ ವಾರ ಮೆಕ್ಯಾನಿಕ್ ನಿಜವಾಗಿಯೂ ಬಂದು ರಿಪೇರಿ ಮಾಡಿ ಹೋಗಿದ್ದ. ಸೊಸೈಟಿಯ ಸೆಕ್ರೆಟರಿಯನ್ನು ಮೊದಲೇ ಒಪ್ಪಿಸಿ, ಲೆಟರ್‌ಹೆಡ್ಡಿನ ಮೇಲೆ, ರಬ್ಬರ್ ಸ್ಟ್ಯಾಂಪ್ ಹೊಡೆದು, ಮೇಂಟೆನೆನ್ಸ್ ಬಿಲ್ಲಿನ ನೋಟಿಸಿನ ಪಕ್ಕದಲ್ಲೇ ಅಂಟಿಸಿದೆ: ಇಂದಿನಿಂದ ಬಟನ್ ಒತ್ತಬೇಡಿ, ಬಾಗಿಲು ಮುಚ್ಚಿ ಮಹಡಿಯನ್ನು ಸ್ಪಷ್ಟವಾಗಿ ಹೇಳಿ. ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿ ಖಾಲಿ ಕೂತಿದ್ದ ಹುಡುಗರನ್ನು ಒಂದೊಂದು ಮಹಡಿಯಲ್ಲಿ ನಿಲ್ಲಿಸಿದೆ. ಒಳಗಿನವರು ಬಟನ್ ಒತ್ತದಿದ್ದರೆ ಹೊರಗಿನಿಂದ ಕರೆದ ಕಡೆಗೆ ಲಿಫ್ಟ್ ಹೋಗಿಯೇ ಹೋಗುತ್ತದೆ. ಇಷ್ಟೇ ಯಂತ್ರ.

ಮೊದಲು ಸಿಕ್ಕವರು ನಾಲ್ಕನೇ ಮಹಡಿಯ ಮಾಮಾ, ಉಡುಪಿ ಕಡೆಯವರು, ಹೋಟೆಲ್ ನಡೆಸಿ ಈಗ ಆರಾಮಾಗಿರುವವರು. ಕೈಯಲ್ಲಿ ಹಾಲಿನ ಪ್ಯಾಕೆಟ್. ನೋಟಿಸ್ ಓದಿದರು, ಒಳಗೆ ಹೋದರು, "ಚೌಥಾ ಮಾಲಾ" ಅಂದರು. ಮೇಲಿನ ಹುಡುಗ ಬಾಯಿ ಮುಚ್ಚಿಕೊಂಡು ನಗುತ್ತಾ ಬಟನ್ ಒತ್ತುವುದನ್ನೇ ಮರೆತ. ಇನ್ನೊಮ್ಮೆ, ಜೋರಾಗಿ. ಊಹೂಂ. ಕೊನೆಗೆ ಮೆತ್ತಗೆ, "ಚೌಥಾ ಮಾಲಾ, ಪ್ಲೀಸ್". ಲಿಫ್ಟ್ ಹೊರಟಿತು! ಅಲ್ಲಿಂದ ಮಾಮಾ ಕಂಡವರಿಗೆಲ್ಲ ಹೇಳುತ್ತಾ ಹೋದರು, ಸುಮ್ನೆ ಕೂಗಿದರೆ ಆಗುವುದಿಲ್ಲ, ಪ್ಲೀಸ್ ಹೇಳಬೇಕು ಅಂತ. ಹೂ ತರಲು ಇಳಿದಿದ್ದ ಅವರ ಹೆಂಡತಿ ವಾಪಸ್ ಬರುವಾಗ ತುಳುವಿನಲ್ಲಿ "ನಾಲ್" ಅಂದು ನೋಡಿದರು. ಹುಡುಗನೂ ತುಳುವಿನವನೇ, ಒತ್ತಿಬಿಟ್ಟ. ಮಾಮಾ ನನ್ನನ್ನು ಹಿಡಿದು, "ಇದಕ್ಕೆ ತುಳು ಸಹ ಗೊತ್ತುಂಟಲ್ಲ ಮಾರಾಯ!" ಅಂದರು.

ಹನ್ನೆರಡಕ್ಕೆ ಸರಿಯಾಗಿ ಎರಡನೇ ನೋಟಿಸ್ ಅಂಟಿಸಿದೆ. ಮಾಮಾ ಓದಿ ಗಟ್ಟಿಯಾಗಿ ನಕ್ಕರು, ಹುಡುಗರಿಗೆ ಐಸ್‌ಕ್ರೀಮ್ ಕೊಡಿಸಿದರು, ಅದರ ದುಡ್ಡು ನನ್ನ ಹತ್ತಿರ ವಸೂಲಿ ಮಾಡಿದರು. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಅವರೇ ಎದ್ದು ನಿಂತು, ನಿಜವಾಗಿ ಅಂಥ ಲಿಫ್ಟ್ ಹಾಕಿಸಲು ಎಷ್ಟು ಖರ್ಚಾಗುತ್ತದೆ ಅಂತ ಕೇಳಿದರು. ಸೆಕ್ರೆಟರಿ ಈಗ ಕೊಟೇಶನ್ ತರಿಸುತ್ತಿದ್ದಾರೆ.